ಕ್ಲಾರಿನೆಟ್ ಬರುವ ಜಾಗ

ಮಾಣಿಕನಗರ, ಹುಮನಾಬಾದ
12 ಡಿಸೆಂಬರ್ 2007

ಪ್ರೀತಿಯ ಸುಗ್ರಾ,

ಜೈಭೀಮ್, ಸಲಾಂ. ಅಕ್ಷರ ನೋಡಿಯೇ ಯಾರೆಂದು ಗುರುತು ಹಿಡಿದಿರುತ್ತೀ. ಹತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಾನು ಪುಣೆ ಬಿಟ್ಟು ಹುಮನಾಬಾದಿಗೆ ಬಂದೇ ಎರಡು ವರ್ಷವಾಯಿತು. ಇಲ್ಲಿಂದ ನಿಮ್ಮ ಹಳ್ಳಿಖೇಡಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಬರಲೇ ಇಲ್ಲ ಅನ್ನಬೇಡ, ಒಮ್ಮೆ ಬಂದಿದ್ದೆ. ಫ್ಯಾಕ್ಟರಿ ಸ್ಟಾಪಿನಲ್ಲಿ ಇಳಿದು, ಒಂದು ಚಹಾ ಕುಡಿದು, ಆ ಕಡೆಯಿಂದ ಬಂದ ಬಸ್ಸು ಹತ್ತಿ ಮನೆಗೆ ವಾಪಸಾದೆ. ಎದುರಿಗೆ ನಿಂತು ಹೇಳಲಾಗದ ಒಂದು ಮಾತಿದೆ. ಅದಕ್ಕೇ ಈ ಕಾಗದ.

ಹೋದ ವಾರ ಶೈಲೇಶ ಬಂದಿದ್ದ. ನಿನಗೆ ಅವನು ಗೊತ್ತಿಲ್ಲ. ಪುಣೆಯಲ್ಲಿ ನಾನಿದ್ದ ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು. ತಾಯಿಯ ತವರೂರು ನಮ್ಮ ಕಡೆಯ ರಾಜೇಶ್ವರ, ಹಾಗಾಗಿ ನಮ್ಮ ಮಾತು ಚೆನ್ನಾಗಿ ಬರುತ್ತದೆ. ಈಗ ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣಪುಟ್ಟ ಬ್ಯಾಂಡುಗಳ ಸಿಡಿ ತೆಗೆಯುತ್ತಾನೆ. ಬೀದರದ ಕೋಟೆ ನೋಡಿಕೊಂಡು ನನ್ನ ಮನೆಗೆ ಬರುವಾಗ ನಿಮ್ಮೂರ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡನಂತೆ. ಮುಂದಿನ ಟ್ರ್ಯಾಕ್ಟರಿನಲ್ಲಿ ದೊಡ್ಡದಾಗಿ ಹಾಡು ಹಚ್ಚಿದ್ದರು. ಸ್ವಲ್ಪ ಹೊತ್ತು ಕೇಳಿದವನೇ ಕಾರು ಬಿಟ್ಟು ಇಳಿದು ಓಡಿ, ಡ್ರೈವರನನ್ನು ಕಾಡಿ ಬೇಡಿ ಕ್ಯಾಸೆಟ್ಟು ತಂದಿದ್ದ. ನಮ್ಮ ಬಾಗಿಲಲ್ಲಿ ನಿಂತು ಮೊದಲು ಅಂದ ಮಾತೇ ಇದು: “ಅಕ್ಕಾ, ಇದು ನಿಮ್ಮ ಕೈ ಅದ. ಸುಳ್ಳ ಹೇಳಬ್ಯಾಡ್ರಿ.”

ನಮ್ಮ ಕ್ಯಾಸೆಟ್ಟು, ಸುಗ್ರಾ. ನಮ್ಮ ‘ಬಿರುಬಿಸಿಲು’. ಎರಡು ಹುಡುಗಿಯರ ಕ್ಯಾಸೆಟ್ಟನ್ನು ಯಾರು ಕೊಳ್ಳುತ್ತಾರೆ ಎಂದು ನೀನು ಕೂತು ಹುಟ್ಟಿಸಿದ ಐವರು ಗಂಡಸರೂ ಕವರಿನ ಮೇಲೆ ಹಾಗೇ ಇದ್ದಾರೆ: ಸುಧಾಕರ, ಮಧುಕರ, ದಿವಾಕರ, ಪ್ರಭಾಕರ, ಭಾಸ್ಕರ. ಐದು ಕರಗಳೂ ನನ್ನ ಇವೇ ಎರಡು ಕೈ ಎಂದಾಗ ಶೈಲೇಶ ನಕ್ಕು ನಕ್ಕು ಕೆಮ್ಮಿದ.

ನಾವು ಮಾಡಿದ್ದು ಮೂವತ್ತು ಪ್ರತಿ. ಅವು ಹೇಗೆ ಟ್ರ್ಯಾಕ್ಟರು ಹತ್ತಿದವೋ, ಹತ್ತು ವರ್ಷ ಹೇಗೆ ಉಳಿದವೋ ನನಗಂತೂ ತಿಳಿಯದು. ಇನ್ನೊಂದು ವಿಚಿತ್ರವೆಂದರೆ ನನ್ನ ನೆನಪಿನಲ್ಲಿ ಇದ್ದುದಕ್ಕಿಂತ ಚೆನ್ನಾಗಿ ಕೇಳಿಸುತ್ತದೆ. ಹಲಗಿಯ ಪೆಟ್ಟು ನೇರ ಎದೆಗೆ ಬಂದು ಬಡಿಯುತ್ತದೆ. ಹಳೆಯದಾದರೆ ಟೇಪು ಕೂಡ ಮಾಗುತ್ತದೇನೋ.

ಮೊದಲಿನಿಂದ ಹೇಳ್ರಿ ಎಂದು ಶೈಲೇಶ ಪಟ್ಟು ಹಿಡಿದು ಕೂತ. ಹೇಳಿದೆ. ಅಪ್ಪ ನುಡಿಸುತ್ತಿದ್ದ ಮದುವೆ ಬ್ಯಾಂಡಿನ ವಾದ್ಯಗಳನ್ನೆಲ್ಲ ನಮ್ಮ ಮನೆಯಲ್ಲಿ ಇಡುತ್ತಿದ್ದುದು, ಯಾರು ತಾಲೀಮಿಗೆ ತಪ್ಪಿಸಿದರೂ ಅಪ್ಪ ಕ್ಲಾರಿನೆಟ್ ಕೆಳಗಿಟ್ಟು “ಅವ ಬಂದಿಲ್ಲ, ನೀ ಹಿಡಿ ಅದು” ಎಂದು ನನ್ನ ಕೈಗೆ ಕೊಡುತ್ತಿದ್ದುದು, ಹಾಗೆ ಹದಿನಾಲ್ಕು ತುಂಬುವುದರೊಳಗೆ ಕಾರ್ನೆಟ್, ಸೈಡ್ ಡ್ರಮ್, ಹಾರ್ಮೋನಿಯಂ ಎಲ್ಲ ಬಂದದ್ದು. ಮೆರವಣಿಗೆಗೆ ಮಾತ್ರ ಹೆಣ್ಣುಮಗಳನ್ನು ಕರೆದೊಯ್ಯುವ ಹಾಗಿರಲಿಲ್ಲ. ಹಲಗಿಗೆ ನಮ್ಮ ಮನೆಯಲ್ಲಿ ಜಾಗವೇ ಇರಲಿಲ್ಲ. ನಮ್ಮಜ್ಜ ಊರವರ ಬಾಗಿಲಾಚೆ ಚಪ್ಪಲಿ ಬಿಟ್ಟು ನಿಂತು ಬಾರಿಸಿದ ವಾದ್ಯ ಅದು. ಬೌದ್ಧ ದೀಕ್ಷೆ ತೆಗೆದುಕೊಂಡ ದಿನವೇ ಅಪ್ಪ ಅದನ್ನು ಗೂಟದಿಂದ ಇಳಿಸಿ ಸುಟ್ಟಿದ್ದ. ಬಸವಕಲ್ಯಾಣದಲ್ಲಿ ಕಾಲೇಜಿಗೆ ಬಂದ ಮೇಲೆ ನಿನ್ನ ಅಣ್ಣನ ರೆಕಾರ್ಡಿಂಗ್ ಅಂಗಡಿಯಲ್ಲೇ ನಾನು ಮೊದಲ ಸಲ ಹಲಗಿ ಹಿಡಿದದ್ದು, ಅದೂ ಯಾರದೋ ಹತ್ತಿರ ಎರವಲು ತಂದು.

ಬೀದರದ ಮಿಷನ್ ಹಾಸ್ಟೆಲಿನ ಮೇಡಂ ನನಗೆ ಕೊಟ್ಟ ಹಳೆಯ ಗಿಟಾರಿಗೆ ನೀನು ಕೆಟ್ಟ ಟೆಲಿಫೋನಿನ ಭಾಗ ಬಿಚ್ಚಿ ಜೋಡಿಸಿ ಅದನ್ನು ಎಲೆಕ್ಟ್ರಿಕ್ ಮಾಡಿದ್ದನ್ನೂ ಹೇಳಿದೆ. ನಡುಮಧ್ಯಾಹ್ನ ಅಣ್ಣ ಊಟಕ್ಕೆ ಹೋದ ಮೇಲೆ ಶಟರು ಎಳೆದು, ಸದ್ದು ತಡೆಯಲು ಒಳಗಿನಿಂದ ಕೌದಿ ಇಳಿಬಿಟ್ಟು, ಆ ಧಗೆಯಲ್ಲಿ ಬೆವರುತ್ತ ಕೂರುತ್ತಿದ್ದೆವಲ್ಲ. ಒಂದು ಟೇಪ್ ಡೆಕ್ಕಿನಲ್ಲಿ ಹಲಗಿ ಹಚ್ಚಿ ಅದರ ಜೊತೆ ನಾನು ಗಿಟಾರ್ ನುಡಿಸುವುದು, ಎರಡನ್ನೂ ನೀನು ಇನ್ನೊಂದು ಡೆಕ್ಕಿಗೆ ಇಳಿಸುವುದು, ಅದರ ಮೇಲೆ ಹಾರ್ಮೋನಿಯಂ, ಅದರ ಮೇಲೆ ಮತ್ತೊಂದು. ಎಲ್ಲಕ್ಕೂ ಕೊನೆಗೆ, ಮೂರನೆಯ ಹಾಡಿನ ನಾಲ್ಕು ಸಾಲಿಗೆ ನಿನ್ನ ದನಿ.

ಹೇಳಬೇಕಾದ ಮಾತು ಈಗ ಬಂತು.

ನಿನ್ನ ನಿಕಾ ಗೊತ್ತಾದ ವಾರ ನೀನು ಬಸ್ ಸ್ಟ್ಯಾಂಡಿಗೆ ಓಡಿ ಬಂದು “ಆ ದನಿ ತೆಗಿ ಆಮ್ರಾ. ಆ ಮಂದಿ ಹ್ಯಾಂಗ ಅದಾರೋ ಏನೋ. ಒಂದೂ ಉಳೀಬಾರದು” ಅಂದಿದ್ದೆ. ಮರುದಿನ ನಾನು ಅಪ್ಪನ ಕ್ಲಾರಿನೆಟ್ ತಂದೆ. ದನಿ ಸೇರಿಸುವ ಮುಂಚಿನ ಟೇಪು ಹಚ್ಚಿ, ನಿನ್ನ ನಾಲ್ಕು ಸಾಲಿನ ಜಾಗದಲ್ಲಿ ಅದನ್ನು ಊದಿದೆ, ನೀನು ರೆಕಾರ್ಡ್ ಮಾಡಿದೆ. ಅದನ್ನೇ ಮೂವತ್ತು ಪ್ರತಿ ಮಾಡಿದೆವು. ದನಿಯಿದ್ದ ಟೇಪು ಏನಾಯಿತು ಎಂದು ನೀನು ಕೇಳಿದೆ. ಅಳಿಸಿದೆ ಎಂದು ನಾನು ಅಂದೆ.

ಅಳಿಸಿರಲಿಲ್ಲ, ಸುಗ್ರಾ. ಬಟನ್ ಒತ್ತಲು ಎರಡು ಸಲ ಕೂತೆ, ಕೈ ಬರಲಿಲ್ಲ. ಮಾತು ಕೊಟ್ಟು ತಪ್ಪಿದವಳು ನಿನ್ನ ನಿಕಾಕ್ಕೆ ಯಾವ ಮುಖ ಹೊತ್ತು ಬರಲಿ? ಜ್ವರ ಎಂದು ಹೇಳಿ ಕಳಿಸಿದೆ. ಜ್ವರವೂ ಬಂದಿರಲಿಲ್ಲ.

ಆಮೇಲೆ ಪುಣೆ. ಒಂದು ಶಾಲೆಯಲ್ಲಿ ಸಂಗೀತದ ಟೀಚರ್ ಆದೆ. ಸಂಜೆ ಆ ಊರಿನ ಹುಡುಗರ ರಾಕ್ ಬ್ಯಾಂಡಿನ ತಾಲೀಮು ಕೇಳಲು ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ಬಾಸ್ ಗಿಟಾರ್ ನುಡಿಸುವವನು ಬರಲಿಲ್ಲ. ನಮ್ಮ ಮನೆಯ ರೂಢಿಯಂತೆ ನಾನು ಹಿಡಿದೆ. ಅವನು ಹಿಂದಿರುಗಿ ಬರಲೇ ಇಲ್ಲ, ನಾನು ಬ್ಯಾಂಡಿನವಳಾದೆ. ಆಮೇಲೆ ಕೀಬೋರ್ಡಿನವನು ಮದುವೆಯಾಗಿ ನಾಸಿಕಕ್ಕೆ ಹೋದ, ಕೀಬೋರ್ಡೂ ನನ್ನದಾಯಿತು. ಹೈದರಾಬಾದು, ಮುಂಬಯಿ, ಗೋವಾ ಎಂದು ರೈಲಿನಲ್ಲಿ ವಾದ್ಯಗಳನ್ನು ಬೆಂಚಿನ ಕೆಳಗೆ ತಳ್ಳಿ ತಿರುಗಿದೆವು. ಒಂದೇ ಕಾರ್ಯಕ್ರಮದಲ್ಲಿ ನಾಲ್ಕು ವಾದ್ಯ ಬದಲಿಸುತ್ತಿದ್ದೆ. ಜನ ಕೂಗುತ್ತಿದ್ದರು, ಕುಣಿಯುತ್ತಿದ್ದರು, ನನಗೆ ಅದು ಬಹಳ ಸುಖ ಕೊಟ್ಟಿತು. ಬೇಸರವಾದದ್ದು ಒಂದಕ್ಕೇ. ಮೊದಲ ಸಿಡಿ ಬಂದಾಗ ನಾಲ್ವರು ಹುಡುಗರ ಹೆಸರಿನ ಕೆಳಗೆ ‘ಮತ್ತು ಇತರರು’ ಎಂದು ಹಾಕಿದ್ದರು. ಆ ಇತರರು ನಾನೊಬ್ಬಳೇ. ಮೂರು ದಿನ ಊಟ ಬಿಟ್ಟೆ. ಶೈಲೇಶ ಜಗಳವಾಡಿ ಎರಡನೆಯ ಸಿಡಿಯಲ್ಲಿ ನನ್ನ ಹೆಸರು ಮೊದಲು ಹಾಕಿಸಿದ.

2003ರಲ್ಲಿ ಅಪ್ಪನನ್ನು ಕರೆಸಿಕೊಂಡಿದ್ದೆ. ಬಯಲು ರಂಗಮಂದಿರ, ಮುಂದಿನ ಸಾಲಿನಲ್ಲಿ ಹೊಸ ಧೋತರ ಉಟ್ಟು ಕೂತಿದ್ದ. ಕೊನೆಯ ಹಾಡಿಗೆ ಹಲಗಿ ತೆಗೆದುಕೊಂಡೆ. ಮೊದಲೇ ಹೇಳಿರಲಿಲ್ಲ. ಬಾರಿಸುವಷ್ಟು ಹೊತ್ತೂ ಅವನ ಕಡೆ ನೋಡುವ ಧೈರ್ಯವಾಗಲಿಲ್ಲ. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅಪ್ಪ ಬಸಿಯ ಕಡೆ ನೋಡುತ್ತ ಅಂದ: “ನಮ್ಮಪ್ಪ ಬಾಗಲಾಚೆ ನಿಂತು ಬಾರಸ್ತಿದ್ದ. ನೀ ಖುರ್ಚಿ ಮ್ಯಾಲ ಕುಂತು ಬಾರಸ್ದಿ. ಅಷ್ಟು ಮಂದಿ ಎದ್ದು ನಿಂತು ಕೇಳಿದ್ರು.” ಚಹಾ ಮುಗಿಸಿದ ಮೇಲೆ ಇನ್ನೊಂದು ಮಾತು: “ಎಡಗೈ ಬಾಳ ಬಿಗಿ ಹಿಡೀತಿ. ಸ್ವಲ್ಪ ಸಡಲ ಬಿಡು.” ಅವನಿಗೆ ಹಲಗಿ ಬಾರಿಸಲು ಬರುತ್ತದೆಂದು ನನಗೆ ಅಂದೇ ಗೊತ್ತಾದದ್ದು.

ಮರುವರ್ಷ ಬ್ಯಾಂಡು ಚದುರಿತು. ಜಗಳವಿಲ್ಲ, ಒಬ್ಬೊಬ್ಬರಿಗೆ ಒಂದೊಂದು ದಾರಿ. ನಾನು ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಹನ್ನೊಂದು ವಾದ್ಯ ನಾನೇ ನುಡಿಸಿ ನನ್ನದೇ ಸಿಡಿ ಮಾಡಿದೆ, ಕನ್ನಡದಲ್ಲಿ. ಹೆಚ್ಚು ಜನ ಕೊಳ್ಳಲಿಲ್ಲ, ಕೊಂಡವರು ಇವತ್ತಿಗೂ ಪತ್ರ ಬರೆಯುತ್ತಾರೆ. ಅಷ್ಟಾದ ಮೇಲೆ ಊರಿನ ಬಿಸಿಲು ಬೇಕೆನಿಸಿತು, ಬಂದೆ. ಈಗ ಮಾಣಿಕನಗರದಲ್ಲಿ ಹಿಟ್ಟಿನ ಗಿರಣಿಯ ಮೇಲೆ ಒಂದು ಕೋಣೆ ಹಿಡಿದಿದ್ದೇನೆ. ಮಕ್ಕಳಿಗೆ ಕಲಿಸುತ್ತೇನೆ, ತಿಂಗಳಿಗೊಮ್ಮೆ ಎಲ್ಲಿಗಾದರೂ ಹೋಗಿ ನುಡಿಸಿ ಬರುತ್ತೇನೆ. ಅಪ್ಪ ಬಂದು ಮೂಲೆಯಲ್ಲಿ ಕೂತು ಮಕ್ಕಳ ತಪ್ಪು ಹಿಡಿಯುತ್ತಾನೆ. ಸುಖವಾಗಿದ್ದೇನೆ ಸುಗ್ರಾ, ನಿಜವಾಗಿ.

ಶೈಲೇಶ ‘ಬಿರುಬಿಸಿಲು’ ಕ್ಯಾಸೆಟ್ಟನ್ನು ಸಿಡಿ ಮಾಡುತ್ತಾನಂತೆ, ನಿಜವಾದ ಹೆಸರು ಹಾಕಿ. ಮೂಲ ಟೇಪು ಉಳಿದಿದೆಯೇ ಎಂದು ಕೇಳಿದ. ತಡೆಯಲಾಗದೆ ನಿನ್ನ ದನಿ ಇರುವ ಟೇಪು ಕೇಳಿಸಿಬಿಟ್ಟೆ. ಅದೇ ಹಾಕೋಣ ಎಂದು ಹಟ ಹಿಡಿದಿದ್ದಾನೆ. ನಿನ್ನನ್ನು ಕೇಳದೆ ಒಂದು ಹೆಜ್ಜೆಯೂ ಮುಂದಿಡುವುದಿಲ್ಲ ಎಂದಿದ್ದೇನೆ. ಬೇಡ ಅಂದರೆ ಈ ಸಲ ನಿನ್ನ ಕೈಗೇ ತಂದು ಕೊಡುತ್ತೇನೆ, ನೀನೇ ಅಳಿಸು. ಹಾಕು ಅಂದರೆ ನಿನ್ನ ಹೆಸರು ನನ್ನ ಹೆಸರಿನ ಪಕ್ಕದಲ್ಲಿ ಬರುತ್ತದೆ: ಗಾಯನ, ಸುಗ್ರಾ. ಅಂಥ ದನಿಯನ್ನು ಮುಚ್ಚಿಟ್ಟದ್ದು ನಿನಗೆ ಮಾಡಿದ ಅನ್ಯಾಯವೋ, ಉಳಿಸಿಕೊಂಡದ್ದು ಅನ್ಯಾಯವೋ, ನನಗೆ ತಿಳಿಯುತ್ತಿಲ್ಲ.

ನಿನ್ನ ಉತ್ತರದ ದಾರಿ ನೋಡುವ,
ಆಮ್ರಪಾಲಿ

ತಾ.ಕ.: ಕಾಗದ ನಿಮ್ಮವರ ಕೈಗೆ ಸಿಕ್ಕರೆ ಎಂದು ಹೆದರಿ ಕವರಿನ ಮೇಲೆ ನಮ್ಮವ್ವ ದ್ರೌಪತಿಯ ಹೆಸರು ಬರೆದಿದ್ದೇನೆ.


ಹಳ್ಳಿಖೇಡ (ಬಿ)
24 ಡಿಸೆಂಬರ್ 2007

ಆಮ್ರಾ,

ಸಲಾಂ, ಜೈಭೀಮ್. ಬಕ್ರೀದಿನ ಗದ್ದಲದಲ್ಲಿ ಉತ್ತರ ತಡವಾಯಿತು. ನಿಮ್ಮವ್ವನ ಹೆಸರಿನಲ್ಲಿ ಕಾಗದ ಬಂದದ್ದು ಕಂಡು ನನ್ನ ಜೀವ ಹಾರಿಹೋಗಿತ್ತು. ಬರೆಯಲು ಬಾರದ ದ್ರೌಪತಿಬಾಯಿ ಯಾರಿಂದಲೋ ಬರೆಸಿದ್ದಾಳೆ ಎಂದರೆ ನಿನಗೇನೋ ಆಗಿದೆ ಎಂದುಕೊಂಡೆ. ಇನ್ನು ಇಂಥ ಜಾಣತನ ಮಾಡಬೇಡ. ನೀನು ಇಳಿದು ಚಹಾ ಕುಡಿದು ಹೋದೆಯಲ್ಲ, ಆ ಸ್ಟಾಪಿನ ಎದುರಿಗೇ ನಮ್ಮ ಅಂಗಡಿ. ತಲೆ ಎತ್ತಿ ನೋಡಿದ್ದರೆ ಕಾಣುತ್ತಿದ್ದೆ.

ಟೇಪು ಹಳೆಯದಾದರೆ ಮಾಗುವುದಿಲ್ಲ, ಹುಚ್ಚಿ. ಸವೆಯುತ್ತದೆ.

ಸರ್ವರಿಯ ಅಬ್ಬಾ (ಸರ್ವರಿ ನಮ್ಮ ಮಗಳು, ಏಳು ವರ್ಷ) ಟ್ರ್ಯಾಕ್ಟರಿನ ಬ್ಯಾಟರಿ, ಟೇಪು, ಸ್ಪೀಕರು ರಿಪೇರಿ ಮಾಡುತ್ತಾರೆ. ನಿಕಾದಲ್ಲಿ ಅಣ್ಣ ನನಗೆ ಎರಡು ಡೆಕ್ಕು ಕೊಟ್ಟಿದ್ದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡೆ. ಕಬ್ಬಿನ ಹಂಗಾಮಿನಲ್ಲಿ ಇಲ್ಲಿ ಟ್ರ್ಯಾಕ್ಟರುಗಳು ಸಕ್ಕರೆ ಫ್ಯಾಕ್ಟರಿಯ ಮುಂದೆ ಒಂದೊಂದು ದಿನ ಸಾಲಿನಲ್ಲಿ ನಿಲ್ಲುತ್ತವೆ. ಡ್ರೈವರುಗಳಿಗೆ ಬೇಸರ, ಹೊಸ ಹಾಡು ಕೊಡ್ರಿ ಅನ್ನುತ್ತಾರೆ. ಮೊದಲ ವರ್ಷವೇ ‘ಬಿರುಬಿಸಿಲು’ ಕೊಟ್ಟೆ. ಮರುದಿನ ಮೂವರು ಬಂದು “ಆ ಹಲಗಿ ಹಾಡಿಂದು ನಮಗೂ ಬೇಕ್ರಿ ಬಾಯಿ” ಅಂದರು. ಅಂದಿನಿಂದ ಪ್ರತಿ ಹಂಗಾಮಿಗೂ ಪ್ರತಿ ಮಾಡುತ್ತ ಬಂದಿದ್ದೇನೆ. ಮೂವತ್ತಲ್ಲ, ಎಷ್ಟೋ ನೂರು. ನಿನ್ನ ಗಿಟಾರು ಟ್ರ್ಯಾಕ್ಟರಿನ ಸದ್ದಿನಲ್ಲಿ ಮುಳುಗುತ್ತಿತ್ತು, ಹಲಗಿ ಡಬ್ಬ ಬಡಿದ ಹಾಗಿತ್ತು. ಒಂದೊಂದು ಸ್ವರ ಬೇರೆಬೇರೆಯಾಗಿ ಏರಿಳಿಸುವ ಈಕ್ವಲೈಜರ್ ತರಿಸಿಕೊಂಡು, ನನ್ನ ಹತ್ತಿರವಿದ್ದ ಮೊದಲ ಪ್ರತಿಯಿಂದ ಮತ್ತೆ ಇಳಿಸಿದೆ. ಸುಂಯ್ ಅನ್ನುವ ಸದ್ದು ಇಳಿಸಿದೆ, ಹಲಗಿ ಮೇಲೆ ತಂದೆ. ಒಂದೊಂದು ವರ್ಷ ಒಂದೊಂದು ತಿದ್ದಿದೆ. ನಿಮ್ಮ ಶೈಲೇಶ ಕಾರಿನಿಂದ ಇಳಿದು ಓಡಿದ್ದು ನನ್ನ ಏಳನೆಯ ತಿದ್ದುಪಡಿ ಕೇಳಿ.

ಈಗ ನನ್ನ ದನಿಯ ವಿಷಯ. ಎಷ್ಟು ಸಲ ಬರೆದಿದ್ದೀ ‘ನಿನ್ನ ದನಿ, ನಿನ್ನ ದನಿ’ ಎಂದು! ಆ ದನಿ ತೆಗಿ ಅಂದದ್ದು ಹೆದರಿಕೆಯಿಂದ, ನಿಜ. ಆದರೆ ನೀನು ಅಳಿಸಿದೆ ಎಂದಾಗ ನನಗೆ ಸಿಟ್ಟು ಬಂತು. ತೆಗಿ ಅಂದವಳು ನಾನೇ, ಇಷ್ಟು ಸಲೀಸಾಗಿ ಅಳಿಸಿದಳಲ್ಲ ಎಂದು ಉರಿದವಳೂ ನಾನೇ. ಆ ಸಿಟ್ಟಿಗೇ ನಿನಗೆ ಒಂದು ಸಾಲೂ ಬರೆಯಲಿಲ್ಲ. ಅಳಿಸಿರಲಿಲ್ಲ ಎಂದು ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ, ಆಮೇಲೆ ಒಂದಿಷ್ಟು ಅತ್ತೆ.

ಆದರೂ ಅದನ್ನು ಸಿಡಿಗೆ ಹಾಕಬೇಡ. ಈಗ ಹೆದರಿಕೆಯಿಂದ ಹೇಳುತ್ತಿಲ್ಲ. ಕೊನೆಯ ಸಾಲಿನಲ್ಲಿ ನಾನು ಶ್ರುತಿ ಬಿಟ್ಟಿದ್ದೆ, ಆಗಲೇ ಗೊತ್ತಿತ್ತು. ನಿನಗೂ ಗೊತ್ತಿರಬೇಕು, ಪ್ರೀತಿಗೆ ಸುಮ್ಮನಿದ್ದೆ. ಕ್ಲಾರಿನೆಟ್ ಅದಕ್ಕಿಂತ ಬಹಳ ಮೇಲು. ಅದು ಯಾಕೆ ಹಾಗೆ ಕೇಳಿಸುತ್ತದೆ ಎಂದು ಎಂದಾದರೂ ಯೋಚಿಸಿದ್ದೀಯಾ? ಆ ದಿನ ನೀನು ಅಳುತ್ತ ಊದುತ್ತಿದ್ದೆ. ಉಸಿರು ಒಡೆದು ಒಡೆದು ಬರುತ್ತಿತ್ತು. ನಾನು ಎದ್ದು ಮೈಕನ್ನು ಒಂದು ಗೇಣು ಹಿಂದೆ ಸರಿಸಿ, ಕೌದಿಯ ಒಂದು ಮಡಿಕೆ ಅಡ್ಡ ಹಿಡಿದು ನಿಂತೆ. ಊದಿದ್ದು ಬರಬೇಕು, ಬಿಕ್ಕಿದ್ದು ಬರಬಾರದು ಎಂದು. ಹಾಡು ಮುಗಿಯುವ ತನಕ ಕೈ ಇಳಿಸಲಿಲ್ಲ. ನೀನು ಕಣ್ಣು ಮುಚ್ಚಿಕೊಂಡಿದ್ದೆ, ನೋಡಿಲ್ಲ.

ನನಗೆ ಬರುವ ಕೆಲಸ ಅದು, ಆಮ್ರಾ. ಹಾಡುವುದು ಅಲ್ಲ. ಪುಣೆಯಲ್ಲಿ ‘ಇತರರು’ ಎಂದು ಹಾಕಿದ್ದಕ್ಕೆ ಮೂರು ದಿನ ಊಟ ಬಿಟ್ಟೆ ಎಂದು ಬರೆದಿದ್ದೀ. ಅದೇ ಕಾಗದದಲ್ಲಿ ನನ್ನ ಹೆಸರನ್ನು ನಾಲ್ಕು ಸಾಲು ಹಾಡಿದವಳು ಎಂದು ಹಾಕಲು ಹೊರಟಿದ್ದೀ. ನಾನು ಊಟ ಬಿಟ್ಟಿಲ್ಲ, ಚಿಂತೆ ಬೇಡ. ಬಕ್ರೀದಿನ ಊಟ ಬಿಡುವ ಹೆಂಗಸು ನಾನಲ್ಲ. ಆದರೆ ಹೆಸರು ಹಾಕುವುದಾದರೆ ಸರಿಯಾಗಿ ಹಾಕು. ವಾದ್ಯಗಳು: ಆಮ್ರಪಾಲಿ. ಧ್ವನಿಮುದ್ರಣ: ಸುಗ್ರಾ, ಬಸವಕಲ್ಯಾಣ ಮತ್ತು ಹಳ್ಳಿಖೇಡ. ಎರಡೂ ಒಂದೇ ಅಳತೆಯ ಅಕ್ಷರದಲ್ಲಿ.

ಸಿಡಿಗೆ ಇಳಿಸುವ ಮೊದಲು ಶೈಲೇಶ ಇಲ್ಲಿಗೆ ಬಂದು ನನ್ನೆದುರು ಕೂತು ಕೇಳಬೇಕು. ಕಂಪ್ಯೂಟರಿನವರು ಎಲ್ಲವನ್ನೂ ತೊಳೆದು ನುಣ್ಣಗೆ ಮಾಡಿಬಿಡುತ್ತಾರೆ. ಎರಡನೆಯ ಹಾಡಿನಲ್ಲಿ ಸೊಲ್ಲಾಪುರದ ಬಸ್ಸಿನ ಹಾರ್ನ್ ಇದೆ, ಅದನ್ನು ಮುಟ್ಟಬಾರದು. ಅದು ತಾಳಕ್ಕೆ ಸರಿಯಾಗಿ ಬಿದ್ದಿದೆ.

ನನ್ನ ದನಿಯ ಟೇಪು ತಾ. ಅಳಿಸಲು ಅಲ್ಲ. ಒಮ್ಮೆ ಕೇಳಬೇಕು, ಸರ್ವರಿಗೂ ಕೇಳಿಸಬೇಕು. ಶುಕ್ರವಾರ ಬಾ. ಅವತ್ತು ಅಂಗಡಿ ಮಧ್ಯಾಹ್ನ ಮುಚ್ಚಿರುತ್ತದೆ. ಬರುವಾಗ ಕ್ಲಾರಿನೆಟ್ಟೂ ಇರಲಿ, ನಿಮ್ಮಪ್ಪನೂ ಬರಲಿ. ಹಿಂದಿನ ಕೋಣೆ ನಮ್ಮ ಹಳೆಯ ಅಂಗಡಿಗಿಂತ ದೊಡ್ಡದು, ಅಲ್ಲಿನ ಹಾಗೆ ಸೂರಿನಲ್ಲಿ ಪಾರಿವಾಳಗಳ ಗಲಾಟೆಯೂ ಇಲ್ಲ. ನಿನ್ನ ಹನ್ನೊಂದು ವಾದ್ಯದ ಸಿಡಿ ನಾನು ಕೇಳಿಲ್ಲ, ತೆಗೆದುಕೊಂಡು ಬಾ. ತಪ್ಪು ಹುಡುಕುತ್ತೇನೆ.

ನಮ್ಮವರಿಗೆ ಇಷ್ಟು ವರ್ಷವೂ ಇದು ಯಾರೋ ಐವರು ಗಂಡಸರ ಬ್ಯಾಂಡು ಎಂದೇ ಹೇಳಿದ್ದೇನೆ. ನೀನೆಲ್ಲ ಬರೆದ ಮೇಲೆ ನಾನು ಮುಚ್ಚಿಡುವುದು ಸರಿಯಲ್ಲ. ಈ ಕಾಗದ ಡಬ್ಬಿಗೆ ಹಾಕುವ ಮೊದಲು ಅವರಿಗೆ ಹೇಳುತ್ತೇನೆ, ದನಿಯ ಮಾತನ್ನೂ.

ನಿನ್ನ ರೆಕಾರ್ಡಿಸ್ಟ್,
ಸುಗ್ರಾ

ತಾ.ಕ.: ಹೇಳಿದೆ. ಬ್ಯಾಟರಿಗೆ ನೀರು ಹಾಕುತ್ತಿದ್ದವರು ತಲೆ ಕೂಡ ಎತ್ತಲಿಲ್ಲ. “ಗೊತ್ತದ” ಅಂದರು. ಹೇಗೆ ಎಂದೆ. “ನೀ ಕ್ಯಾಸೆಟ್ ಕಾಪಿ ಮಾಡಾಗ ಆ ಮೂರನೇ ಹಾಡಿನ್ಯಾಗ, ಕ್ಲಾರಿನೆಟ್ ಬರೋ ಜಾಗದಾಗ, ಪ್ರತೀ ಸಲ ಪದಾ ಹಾಡ್ತಿ. ಕ್ಯಾಸೆಟ್‌ನ್ಯಾಗ ಅಲ್ಲಿ ಪದಾನೇ ಇಲ್ಲ. ಮತ್ತ ನಿನಗ ಹ್ಯಾಂಗ ಬರ್ತಾವ?” ಹತ್ತು ವರ್ಷ ಯಾಕೆ ಒಂದು ಮಾತೂ ಕೇಳಲಿಲ್ಲ ಎಂದೆ. “ಕೇಳಿದ್ರ ನೀ ಹಾಡೋದು ಬಿಡ್ತಿದ್ದಿ” ಅಂದು, ಕೈ ಒರೆಸಿಕೊಂಡು, ಕವರಿಗೆ ಗೋಂದು ಹಚ್ಚಲು ನಿಂತಿದ್ದಾರೆ.